ಮುಂಡರಗಿಯ ಮೊದಲ ಹೆಂಡತಿ

ಹೊಂಬಳದ ಹುಚ್ಚೀರಪ್ಪನ ಮಾತಿನಲ್ಲಿ ಅರ್ಧ ಸುಳ್ಳು. ಉಳಿದರ್ಧಕ್ಕೆ ಸಾಕ್ಷಿ ಇಲ್ಲ. ತನ್ನ ಎತ್ತು ತಾನೊಂದೇ ಗದಗಿನ ಸಂತೆಗೆ ಹೋಗಿ, ಚೌಕಾಸಿ ಮಾಡಿ, ಕೊರಳಿಗೆ ಗೆಜ್ಜೆಸರ ತಂದಿತ್ತೆಂದು ಮುಖದ ಗೆರೆ ಅಲುಗದಂತೆ ಹೇಳುತ್ತಿದ್ದ. ಹೆಂಡತಿ ಮಲ್ಲವ್ವನನ್ನು ಕಾಡಿಸಲು ಬೇರೊಂದು ಸುಳ್ಳು ಇಟ್ಟಿದ್ದ.

“ನಿನಗಿಂತ ಮೊದಲ ಮುಂಡರಗ್ಯಾಗ ಒಬ್ಬಾಕಿನ್ನ ಲಗ್ನಾ ಆಗಿದ್ದೆ. ಕಾವೇರಿ ಅಂತ. ತವರಿಗೆ ಹೋಗ್ಯಾಳ, ಇವತ್ತಿಲ್ಲ ನಾಳಿ ಬರ್ತಾಳ.”

“ಬರ್ಲಿ ಬಿಡ್ರಿ. ಸಗಣಿ ಬಳಿಯಾಕ ಒಂದು ಆಳು ಆತು,” ಎನ್ನುತ್ತಿದ್ದಳು ಮಲ್ಲವ್ವ.

ಎಪ್ಪತ್ತು ದಾಟಿದ ಮೇಲೆ ಹುಚ್ಚೀರಪ್ಪನ ತಲೆಯಿಂದ ಒಂದೊಂದೇ ಸಾಮಾನು ಖಾಲಿಯಾಗತೊಡಗಿತು. ಎತ್ತು ಹೋಯಿತು, ಹೊಲದ ದಾರಿ ಹೋಯಿತು, ಮಗನ ಹೆಸರು ಹೋಯಿತು. ಕಾವೇರಿ ಮಾತ್ರ ಉಳಿದಳು. ಒಂದು ಬೆಳಿಗ್ಗೆ, ಚಹಾ ತಂದ ಮಲ್ಲವ್ವನನ್ನು ಬಹಳ ಮರ್ಯಾದೆಯಿಂದ ಕೇಳಿದ:

“ಯಕ್ಕಾ, ನೀ ಯಾರ ಪೈಕಿ?”

ಅಂದಿನಿಂದ ಊಟವನ್ನೂ ಬಿಟ್ಟ. “ಕಾವೇರಿ ಬಂದು ನೀಡ್ಲಿ,” ಎಂದು ಬಸ್ ನಿಲ್ಲುವ ಕಡೆ ಹೋಗಿ ಕೂರುತ್ತಿದ್ದ. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ತಡವಿ ನೋಡಬೇಕಾಯಿತು. ಗದಗಿನ ಡಾಕ್ಟರು ಎದುರು ವಾದಿಸಬೇಡಿ, ಹೂಂ ಅನ್ನಿ ಎಂದರು. ಆ ಹೂಂ ಎಲ್ಲಿಯವರೆಗೆ ಎಳೆಯಬಹುದೆಂದು ಯೋಚಿಸಿದವಳು ಸೊಸೆ ವಿದ್ಯಾಶ್ರೀ.

“ಅತ್ತಿ, ನೀವ ಕಾವೇರಿ ಆಗಿಬಿಡ್ರಿ. ನನ್ನ ಹೊಸಾ ಸೀರಿ ಉಟ್ಕೊಂಡು ಗದಗಿಗೆ ಹೋಗಿ, ತಿರುಗಿ ಬರೋ ಬಸ್ಸಿಗೆ ಇಳೀರಿ.”

“ನನಗ ನಾನ ಸವತಿ ಆಗಬೇಕೇನವಾ?” ಎಂದು ಮಲ್ಲವ್ವ ನಕ್ಕಳು. ಆದರೆ ಹೋದಳು.

ಮಧ್ಯಾಹ್ನದ ಬಸ್ಸಿನಿಂದ ಇಳಿದವಳನ್ನು ಕಂಡು ಹುಚ್ಚೀರಪ್ಪನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಅವನು ಮಲ್ಲವ್ವನನ್ನು ಹಾಗೆ ನೋಡಿದ್ದೇ ಇಲ್ಲ. ಅವಳಿಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಅವನ ಹಿಂದೆ ನಡೆದಳು.

ಮಗ, ಸೊಸೆ ಹತ್ತಿ ಬಿಡಿಸಲು ಹೋಗಿದ್ದರು. ಮನೆ ಖಾಲಿ. ಹುಚ್ಚೀರಪ್ಪ ಒಳಗೆ ಬಂದವನೇ ಅಗಳಿ ಹಾಕಿದ. ಮೂಲೆಯ ಕೊಡಲಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತ.

“ಕೊಡ್ಲಿ ಯಾಕ್ರಿ?”

“ಮೆಲ್ಲಕ ಮಾತಾಡು, ಕಾವೇರಿ. ಈ ಮನ್ಯಾಗ ಒಬ್ಬಾಕಿ ಮುದುಕಿ ಸೇರ್ಕೊಂಡಾಳ. ನನ್ನ ಹೇಂತಿ ಅಂತ ಊರ ತುಂಬ ಹೇಳ್ಕೊಂತ ತಿರಗ್ತಾಳ. ನೀ ಬಂದಿದ್ದು ಗೊತ್ತಾದ್ರ ನಿನ್ನ ಬಿಡಂಗಿಲ್ಲ. ಇವತ್ತ ಕೈಗೆ ಸಿಗ್ಲಿ, ಮುಗಿಸೇಬಿಡ್ತೀನಿ. ನೀ ರೊಟ್ಟಿ ಮಾಡು, ಹೊಟ್ಟಿ ಹಸದೈತಿ.”

ಮಲ್ಲವ್ವ ಅಗಳಿಯ ಕಡೆ ನೋಡಿದಳು. ಆದರೂ ಹೊಟ್ಟೆ ಹಸಿದಿದೆ ಎಂದು ಅವನ ಬಾಯಿಂದ ಕೇಳಿ ಎಷ್ಟೋ ದಿನವಾಗಿತ್ತು. ಒಂದು ತುತ್ತು ಒಳಗೆ ಬಿದ್ದರೆ ತಣ್ಣಗಾದಾನು ಎಂದುಕೊಂಡು ಒಳಗೆ ಅಡಿಗೆಮನೆಗೆ ಹೋಗಿ ಒಲೆ ಹೊತ್ತಿಸಿದಳು. ಹಿಟ್ಟು ನಾದಿ ಬಡಿಯತೊಡಗಿದಳು. ಮೈಮೇಲೆ ಸೊಸೆಯ ಸೀರೆ, ಕರೆಯಲು ಕಾವೇರಿಯ ಹೆಸರು. ಕೈಗೆ ಮಾತ್ರ ರೊಟ್ಟಿ ಬಡಿಯುವುದು ಒಂದೇ ರೀತಿ ಗೊತ್ತು: ಎರಡು ಜೋರು, ಒಂದು ಹಗುರ, ನಡುವೆ ಬಳೆಯ ಸದ್ದು. ಆ ಸಪ್ಪಳ ಕೇಳಿಯೇ ಮಲ್ಲವ್ವ ಒಲೆ ಮುಂದೆ ಕೂತಳೆಂದು ಓಣಿಯವರು ಹೇಳುತ್ತಿದ್ದರು.

ಬಾಗಿಲ ಬಳಿ ಹುಚ್ಚೀರಪ್ಪ ತಲೆ ಎತ್ತಿದ. ಕಿವಿಗೊಟ್ಟ. ಕೊಡಲಿ ಹಿಡಿದು ಸದ್ದಾಗದಂತೆ ಎದ್ದು ನಿಂತ.

“ಅಂಜಬ್ಯಾಡ, ಕಾವೇರಿ,” ಎಂದ. “ಆಕಿ ಅಡಗಿಮನ್ಯಾಗ ಅದಾಳ.”