ಕೈಬಿಟ್ಟ ನೇರಳೆ

ಮಗಳ ಎರಡನೇ ಜಡೆ ಅರ್ಧಕ್ಕೆ ಬಂದಾಗ ಫೋನ್ ಬಂತು. ಅಮ್ಮ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ನೀರು ಪರೀಕ್ಷಿಸುವ ಲ್ಯಾಬಿನ ಸಹಾಯಕ.

“ಮೇಡಂ, ನೀವು ಆರಿಸಿದ ಆರು ಬೆಳಕಲ್ಲಿ ಲೆಕ್ಕ ಕೂದಲೆಳೆಯಷ್ಟೂ ತಪ್ಪಲ್ಲ. ನಾನು ಮರೆತು ಏಳನೇದನ್ನೂ ಹಾಕ್ಬಿಟ್ಟೆ.”

“ನೇರಳೇದಾ?”

“ಹೂಂ. ಗ್ರಾಫಲ್ಲಿ ಅದೇ ಉಬ್ಬು ಎದ್ದಿದೆ. ನಿನ್ನೆಗಿಂತ ಎತ್ತರ. ಯಂತ್ರದ ಲ್ಯಾಂಪ್ ಬದಲಾಯಿಸಿದ್ದಾಯ್ತು, ಇನ್ನು ದೆವ್ವ ಬಿಡಿಸೋರನ್ನೇ ಕರೀಬೇಕು.”

ಊರಿನ ನೀರಿಗೆ ಬಣ್ಣದ ಕಾರ್ಖಾನೆಯಿಂದ ಮೂರು ವಸ್ತುಗಳು ಸೇರುತ್ತಿದ್ದವು. ಮನೆಮನೆಯಿಂದ ತಂದ ನೀರಿನೊಳಗೆ ಬಗೆಬಗೆಯ ಬಣ್ಣದ ಬೆಳಕು ಹಾಯಿಸಿ, ಯಾವುದನ್ನು ಎಷ್ಟು ನುಂಗಿತು ಎಂದು ಅಳೆದು, ಮೂರನ್ನೂ ಬೇರ್ಪಡಿಸುವುದು ಅವಳ ಕೆಲಸ. ಒಂದು ವಸ್ತುವಿನ ನೆರಳು ಇನ್ನೊಂದರ ಮೇಲೆ ಬೀಳದಂಥ ಆರು ಬೆಳಕುಗಳನ್ನು ವಾರಗಟ್ಟಲೆ ಕೂತು ಆರಿಸಿದ್ದಳು. ನೇರಳೆ ಮಾತ್ರ ಲೆಕ್ಕ ಕೆಡಿಸುತ್ತಿತ್ತು. ಯಂತ್ರದ ಕಿರಿಕಿರಿ ಎಂದು ಅದನ್ನು ಕೈಬಿಟ್ಟಿದ್ದಳು. ಮಧ್ಯಾಹ್ನದೊಳಗೆ, ಈ ನೀರು ಕುಡಿಯಬಹುದು ಎಂದು ಸಹಿ ಹಾಕಬೇಕು.

“ಯಾವ ಮನೆ ನೀರಲ್ಲಿ?”

“ಎಲ್ಲದರಲ್ಲೂ ಇದೆ. ಎಲ್ಲಕ್ಕಿಂತ ಎತ್ತರ...” ಅವನು ತಡವರಿಸಿದ. “ನೀವು ಮನೆಯಿಂದ ತಂದ ಬಾಟಲೀಲಿ.”

ಜಡೆ ಹೆಣೆಯುತ್ತಿದ್ದ ಬೆರಳುಗಳು ನಿಂತವು.

ಅಡುಗೆಮನೆಯ ಮೂಲೆಯಲ್ಲಿ ನೀರು ತುಂಬಿದ ಬಟ್ಟಲ ಮುಂದೆ ಬೆಕ್ಕು ಕೂತಿತ್ತು. ಮೂರು ದಿನದಿಂದ ಅದು ಹಾಗೆಯೇ ಕೂರುತ್ತದೆ, ಬಾಯಿ ಹಾಕುವುದಿಲ್ಲ. ಮಗಳೂ ತನ್ನ ನೀರಿನ ಲೋಟ ಮುಟ್ಟಿರಲಿಲ್ಲ. ಕಿಟಕಿಯ ಬಿಸಿಲು ಆ ಲೋಟದ ನೀರನ್ನು ಹಾದು ಗೋಡೆಯ ಮೇಲೆ ಬಿದ್ದಿತ್ತು. ಬಿಳಿಯಾಗಿರಬೇಕಿದ್ದ ಆ ಬೆಳಕಿನ ತುಣುಕು, ನೇರಳೆಯನ್ನು ಕಳೆದುಕೊಂಡು, ಹಳೇ ಕಾಗದದಂತೆ ತೆಳು ಹಳದಿಯಾಗಿತ್ತು. ಮೂರು ದಿನದಿಂದ ಮಗಳು ಅದನ್ನೇ ನೋಡುತ್ತ “ಅಮ್ಮಾ...” ಎಂದು ಶುರು ಮಾಡುವುದು, ಅಮ್ಮ “ಆಮೇಲೆ ಕಣೇ, ಹೊತ್ತಾಯ್ತು” ಎನ್ನುವುದು, ಅವಳು ಮಾತು ನುಂಗಿಕೊಳ್ಳುವುದು. ದಿನಾ ಅದೇ ಪಾಡು.

“ಮೇಡಂ, ಏನು ಮಾಡ್ಲಿ?”

ಉತ್ತರ ಅಭ್ಯಾಸಬಲದಿಂದ ತಾನಾಗಿಯೇ ಬಂತು. “ಅದನ್ನ ತೆಗೆದುಹಾಕು. ಆರರಲ್ಲೇ ಲೆಕ್ಕ ಮಾಡು.”

ಬೆಕ್ಕು ತಲೆ ಎತ್ತಿ ಅವಳತ್ತ ನೋಡಿತು. ಗೋಡೆಯ ಹಳದಿ ಮೆಲ್ಲಗೆ ಅಲುಗಿತು. ಲೋಟವನ್ನು ಯಾರೂ ಮುಟ್ಟಿರಲಿಲ್ಲ.

ಅರ್ಧ ಹೆಣೆದ ಜಡೆ ಅಮ್ಮನ ಕೈಯಲ್ಲಿರುವಾಗಲೇ ಮಗಳು ತಿರುಗಿ ಕೂತಳು. ಗೋಡೆಯ ಹಳದಿಯತ್ತ ಬೆರಳು ತೋರಿಸಿದಳು; ಈ ಸಲ ಅವಳು ಮಾತು ನುಂಗಲಿಲ್ಲ.

“ಅಮ್ಮಾ, ನೀನು ಅಲ್ಲಿ ನೋಡದೇ ಇದ್ರೆ, ಅದು ನೀರಲ್ಲಿ ಇರಲ್ವಾ?”