ಕೆಳಗಿಂದ ಹೊಡೆದ ಸರ್ವ್

"ನಿನ್ನ ಮೊದ್ಲ ಸರ್ವಿಸ್ ಗೇಮ್‌ದಾಗ ಎರಡು ಡಬಲ್ ಫಾಲ್ಟ್ ಆಗ್ಬೇಕು. ಅಷ್ಟೇ. ಆಮ್ಯಾಲ ನೀ ಗೆಲ್ಲು, ಸೋಲು, ಅವ್ರಿಗಿ ಸಂಬಂಧಿಲ್ಲ," ಎಂದ ಭೀಮರಾಯ. ಹಾಗೆನ್ನುತ್ತಲೇ ನೀರಿನ ಬಾಟಲಿಯ ಮುಚ್ಚಳ ತೆಗೆದು ಮೋನಮ್ಮನ ಕೈಗೆ ಕೊಟ್ಟ. ಯಾವಾಗಲೂ ಹಾಗೇ ತೆಗೆದುಕೊಡುತ್ತಿದ್ದ.

ಮೋನಮ್ಮ ಕುಡಿಯಲಿಲ್ಲ. ತಮಾಷೆಗೆ ಹೇಳಿರಬೇಕೆಂದು ಅವನ ಮುಖ ನೋಡಿದಳು. ಭೀಮರಾಯ ಅವಳನ್ನು ನೋಡದೆ ಯಾದಗಿರಿ ಕ್ರೀಡಾಂಗಣದ ಗೇಟಿನ ಕಡೆಗೇ ಕಣ್ಣಿಟ್ಟಿದ್ದ. ಪಕ್ಕದ ಅಂಕಣದಲ್ಲಿ ಗಂಡಸರ ಪಂದ್ಯ ಆಗಲೇ ಶುರುವಾಗಿತ್ತು. ಹೊಸದಾಗಿ ನೀಲಿ ಬಣ್ಣ ಬಳಿದ ಗಟ್ಟಿ ನೆಲದ ಮೇಲೆ ಚೆಂಡು ಪುಟಿಯುವ ಸದ್ದು ಕಲ್ಲು ಒಡೆದಂತೆ ಕೇಳುತ್ತಿತ್ತು.

"ಯಾರಿಗಿ ಅಣ್ಣಾ?"

"ಯಾರಂತ ನಂಗೂ ಪೂರಾ ಗೊತ್ತಿಲ್ಲ. ಫೋನ್ ಮಾಡ್ತಾರ. ಎಲ್ಲೆಲ್ಲೋ ಕುಂತು ಇಂಥಾ ಆಟದ ಮ್ಯಾಲ ಬಾಜಿ ಕಟ್ತಾರ."

"ನಾ ಒಲ್ಲೆ."

"ಒಲ್ಲೆ ಅಂದ್ರ ನಡ್ಯಂಗಿಲ್ಲ ತಂಗಿ." ಅವನ ದನಿ ತಗ್ಗಿತು. "ನಿಮ್ಮಪ್ಪ ದಿನಾ ಕಾಲುವಿ ದಂಡಿ ಹಿಡದು ಗಾಡಿ ಹೊಡಿತಾನ. ಯಾವ ಹೊತ್ತಿನಾಗ ಎಲ್ಲಿರ್ತಾನ, ಗಾಡಿ ನಂಬರ್ ಏನು, ಎಲ್ಲಾ ಅವ್ರಿಗಿ ಗೊತ್ತದ. ನಾ ಹೇಳಿದ್ದಲ್ಲ. ಅವ್ರೇ ನಂಗ ಹೇಳ್ಯಾರ. ನಿನ್ನ ಕಾಲು ಬೀಳ್ತೀನಿ, ಮಾಡಿಬಿಡು."

ಕಾಲು ಬೀಳುತ್ತೇನೆ ಎಂದಾಗಲೇ ಮೋನಮ್ಮನಿಗೆ ಹೆದರಿಕೆ ಹತ್ತಿದ್ದು. ಇವನೂ ಅಂಜಿದ್ದಾನೆ ಎಂದು ಆಗ ತಿಳಿಯಿತು.

ಕಾಲುವೆ ತೋಡುವ ಕಾಲದಲ್ಲಿ ಎಂಜಿನಿಯರುಗಳು ಶಹಾಪುರದ ಹತ್ತಿರ ತಮ್ಮ ಕ್ಯಾಂಪಿನಲ್ಲಿ ಆಡಲೆಂದು ಸಿಮೆಂಟಿನ ಟೆನಿಸ್ ಅಂಕಣ ಮಾಡಿಸಿಕೊಂಡಿದ್ದರು. ನೀರು ಬಂತು, ಎಂಜಿನಿಯರುಗಳು ವರ್ಗವಾಗಿ ಹೋದರು, ಅಂಕಣದ ಬಿರುಕುಗಳಲ್ಲಿ ಹುಲ್ಲು ಬೆಳೆಯಿತು. ಆ ಹುಲ್ಲು ಕಿತ್ತು, ಸುತ್ತಲಿನ ಮಕ್ಕಳಿಗೆ ಆಟ ಕಲಿಸಿದವರು ಕಾಲುವೆ ಆಫೀಸಿನಲ್ಲಿ ನೌಕರಿ ಮಾಡಿ ನಿವೃತ್ತರಾದ ಜಲಾಲುದ್ದೀನ್ ಸರ್. ಭೀಮರಾಯ ಅವರ ಮೊದಲ ಶಿಷ್ಯ. ಮಂಡಿ ಕೆಟ್ಟು ಆಟ ಬಿಟ್ಟ ಮೇಲೆ, ಗೋಗಿ ಹಳ್ಳಿಯಿಂದ ಬರುತ್ತಿದ್ದ ಮೋನಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಊರೂರಿನ ಪಂದ್ಯಗಳಿಗೆ ಕರೆದೊಯ್ದವನೂ ಅವನೇ. ಈಗ ಬೇರೆ ಬೇರೆ ದೇಶಗಳ ಗಂಡಸರು ಹೆಂಗಸರು ಆಡಲು ಬಂದ ಈ ಪಂದ್ಯಾವಳಿಯಲ್ಲಿ, ಜಿಲ್ಲೆಯ ಹುಡುಗಿ ಎಂದು ಅವಳಿಗೆ ನೇರ ಪ್ರವೇಶ ಸಿಕ್ಕಿತ್ತು. ಸುದ್ದಿ ಕೇಳಿ ಅವಳಪ್ಪ ತಾಯಪ್ಪ ತನ್ನ ಮೂರು ಗಾಲಿಯ ಟಂಟಂ ಗಾಡಿಯಲ್ಲಿದ್ದ ಪ್ರಯಾಣಿಕರಿಗೆಲ್ಲ ಅವತ್ತು ಚಹ ಕುಡಿಸಿದ್ದ.

ಅವಳು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಗಾಡಿ ಓಡಿಸುವಾಗ ಅಪ್ಪ ಫೋನ್ ಎತ್ತುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೂ ಮತ್ತೆ ಮಾಡಿದಳು. ಹೊರಗೆ ಬಂದಾಗ ಬಾಗಿಲಲ್ಲೇ ಜಲಾಲುದ್ದೀನ್ ಸರ್ ನಿಂತಿದ್ದರು.

"ಯಾಕ ಬೇಟಾ, ಮಾರಿ ಹಿಂಗ್ಯಾಕ ಬಾಡ್ಯಾದ?"

"ಏನಿಲ್ರಿ ಸರ್."

ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿದರು. ಫೋನನ್ನು ಸರ್ ಕೈಗೆ ಕೊಟ್ಟು ಅಂಕಣಕ್ಕೆ ಇಳಿದಳು.

ಎದುರಾಳಿ ಕಜಾಕಿಸ್ತಾನದ ಎತ್ತರದ ಹುಡುಗಿ. ನಾಣ್ಯ ಚಿಮ್ಮಿದಾಗ ಆಯ್ಕೆ ಅವಳಿಗೇ ಹೋಯಿತು. ಮೊದಲ ಸರ್ವ್ ನೀನೇ ಮಾಡು ಎಂದು ಅವಳು ಮೋನಮ್ಮನ ಕಡೆ ಕೈ ತೋರಿಸಿದಳು. ಇನ್ನೂ ಒಂದು ಗೇಮ್ ಉಸಿರಾಡಲು ಸಿಕ್ಕೀತು ಎಂದುಕೊಂಡಿದ್ದ ಮೋನಮ್ಮ ಚೆಂಡು ಕೈಗೆತ್ತಿಕೊಳ್ಳಬೇಕಾಯಿತು.

ನೆಟ್ಟಗೆ ಹೊಡೆಯಬೇಕು ಎಂದು ಗಟ್ಟಿ ಮನಸ್ಸು ಮಾಡಿಯೇ ಚೆಂಡು ಮೇಲಕ್ಕೆ ತೂರಿದಳು. ಅದು ಬಲೆಗೆ ಬಡಿಯಿತು. ಎರಡನೆಯ ಸಲ ತೂರಿದ ಕೈ ನಡುಗಿ ಚೆಂಡು ತಲೆಯ ಹಿಂದಕ್ಕೆ ಹೋಯಿತು. ಅದನ್ನು ಬಿಡದೆ ಹೊಡೆದಳು. ಗೆರೆ ದಾಟಿ ದೂರ ಬಿತ್ತು.

"ಡಬಲ್ ಫಾಲ್ಟ್," ಎಂದಿತು ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ದನಿ.

ಬೇಕೆಂದು ಮಾಡಿರಲಿಲ್ಲ. ಹಾಗೆಂದು ಕೂಗಿ ಹೇಳಬೇಕೆನಿಸಿತು. ಪ್ರೇಕ್ಷಕರ ಸಾಲಿನ ಕಡೆ ನೋಡಿದಳು. ಮೂಲೆಯಲ್ಲಿ ಫೋನು ಕಿವಿಗೆ ಹಿಡಿದು ಕೂತಿದ್ದ ಭೀಮರಾಯ ನಿಧಾನವಾಗಿ ತಲೆಯಾಡಿಸಿದ. ಶಹಬ್ಬಾಸ್ ಎಂದಂತೆ.

ಮುಂದಿನ ಸರ್ವ್ ಹೇಗೋ ಒಳಗೆ ಬಿತ್ತು, ಎದುರಾಳಿ ಅದನ್ನು ಹೊರಗೆ ಹೊಡೆದಳು. ಅದರ ನಂತರದ್ದು ಮತ್ತೆ ಬಲೆಗೆ. ಇನ್ನೊಂದು ಚೆಂಡು ಉಳಿದಿತ್ತು. ಮೋನಮ್ಮ ಅದನ್ನು ನೆಲಕ್ಕೆ ಪುಟಿಸತೊಡಗಿದಳು, ಪುಟಿಸುತ್ತಲೇ ಇದ್ದಳು. ಇದೂ ತಪ್ಪಿದರೆ ಎರಡಾಗುತ್ತದೆ, ಅವರು ಕೇಳಿದ್ದು ಅವರಿಗೆ ಸಿಗುತ್ತದೆ, ಅಪ್ಪ ಕ್ಷೇಮವಾಗಿ ಮನೆಗೆ ಬರುತ್ತಾನೆ. ಬೇಕೆಂದು ಮಾಡಿದ್ದೋ, ಕೈ ನಡುಗಿ ಆದದ್ದೋ, ಯಾರಿಗೂ ತಿಳಿಯುವುದಿಲ್ಲ. ನಾಳೆ ತನಗೂ ತಿಳಿಯಲಿಕ್ಕಿಲ್ಲ. ಅಷ್ಟು ಸುಲಭವಾಗಿತ್ತು ಅದು. ಆ ಸುಲಭಕ್ಕೇ ಅವಳು ಬೆಚ್ಚಿದಳು.

ಚೆಂಡನ್ನು ಮೇಲೆ ತೂರಲಿಲ್ಲ. ಸೊಂಟದ ಹತ್ತಿರ ಕೈಬಿಟ್ಟು, ರ‍್ಯಾಕೆಟ್ಟಿನಿಂದ ಕೆಳಗಿನಿಂದಲೇ ಮೆಲ್ಲಗೆ ಎತ್ತಿ ಹಾಕಿದಳು. ಆಟ ಗೊತ್ತಿಲ್ಲದ ಮಕ್ಕಳು ಮೊದಲ ದಿನ ಹಾಕುವ ಹಾಗೆ. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ದೊಡ್ಡ ಆಟದಲ್ಲಿ ಹಾಗೆ ಹಾಕುವವರು ಅಪರೂಪ. ಚೆಂಡು ಬಲೆಯನ್ನು ದಾಟಿ ಗೆರೆಯೊಳಗೆ ಸುಮ್ಮನೆ ಬಿತ್ತು. ಹಿಂದೆ ನಿಂತಿದ್ದ ಕಜಾಕಿಸ್ತಾನದ ಹುಡುಗಿ ದಡಬಡಿಸಿ ಓಡಿಬಂದು ಬಲೆಗೆ ಹೊಡೆದಳು.

ಜನ ನಕ್ಕರು. ಯಾರೋ ಕೂಗಿದರು: "ಏ, ಇಕಿ ಲಗೋರಿ ಆಡಾಕ ಬಂದಾಳೇನ?"

ಮೋನಮ್ಮ ಆ ಗೇಮ್ ಮುಗಿಯುವ ತನಕ ಹಾಗೇ ಹಾಕಿದಳು. ಎದುರಾಳಿ ಈಗ ಮುಂದೆ ಬಂದು ಕಾದು ನಿಂತಳು, ಎತ್ತಿ ಕೊಟ್ಟ ಚೆಂಡನ್ನು ಮೂಲೆ ಮೂಲೆಗೆ ಬಾರಿಸಿದಳು. ಪ್ರತಿ ಸಲವೂ ನಗು. ಅವಳ ಕಿವಿ ಸುಡುತ್ತಿತ್ತು. ಗೇಮ್ ಹೋಯಿತು. ಎರಡನೆಯ ಡಬಲ್ ಫಾಲ್ಟ್ ಮಾತ್ರ ಆಗಲಿಲ್ಲ. ಅಂಕಣದ ಬದಿ ಬದಲಿಸುವಾಗ ಮೂಲೆಯ ಕಡೆ ಮತ್ತೆ ನೋಡಿದಳು. ಭೀಮರಾಯನ ಕುರ್ಚಿ ಖಾಲಿ ಇತ್ತು.

ಅಲ್ಲಿಂದ ಮುಂದೆ ಅವಳಿಗೆ ಆಟ ಕಾಣಲಿಲ್ಲ. ಕಾಲುವೆಯ ದಂಡೆ, ದಂಡೆಯ ಮೇಲೆ ಅಪ್ಪನ ಹಳದಿ ಗಾಡಿ, ಅದರ ಹಿಂದೆ ಇನ್ನೊಂದು ಗಾಡಿ ಕಂಡಿತು. ಎರಡೂ ಸೆಟ್ ಸೋತು, ಕೈಕುಲುಕಿ, ಸರ್ ಇದ್ದಲ್ಲಿಗೆ ಓಡಿದಳು.

"ಅಪ್ಪ ಫೋನ್ ಮಾಡಿದ್ನೇನ್ರಿ?"

"ಇಲ್ಲ. ಸರ್ವ್ ಹಂಗ್ಯಾಕ ಹಾಕ್ದಿ? ಭುಜ ನೋಯಾಕತ್ತದೇನು?"

ಬೇವಿನ ಮರದ ಕೆಳಗೆ ನಿಂತು ಎಲ್ಲ ಹೇಳಿದಳು. ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದು ನಿಂತರು.

"ಭೀಮ್ಯಾನ?"

"ಹೌದ್ರಿ."

"ಹೇಳಿದ್ರ ಅವ್ನ ಬಾಳೇವು ಹಾಳಾಗ್ತದ, ಮೋನಾ."

"ಹೇಳ್ಲಿಲ್ಲಂದ್ರ ನಮ್ಮಪ್ಪನ ಗತಿ ಏನ್ರಿ ಸರ್?" ಅವಳು ಅಳತೊಡಗಿದಳು. ಸರ್ ಅವಳ ತಲೆಯ ಮೇಲೆ ಕೈಯಿಟ್ಟರು. "ನಡಿ," ಎಂದರು.

ಪಂದ್ಯಾವಳಿಯ ಮೇಲ್ವಿಚಾರಕಿ ಚೆನ್ನೈ ಕಡೆಯ ಹೆಂಗಸು. ಕೋಣೆಯ ಬಾಗಿಲು ಹಾಕಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಸರ್ ಒಂದೊಂದೇ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದರು. ಕೊನೆಗೆ ಆಕೆ ಮೋನಮ್ಮನನ್ನು ನೋಡುತ್ತ ಒಂದೇ ಪ್ರಶ್ನೆ ಕೇಳಿದರು: ಆ ಮೊದಲನೆಯ ಡಬಲ್ ಫಾಲ್ಟ್?

"ಅದು ಅಂಜಿಕಿಲಿಂದ ಆದದ್ದು."

ಸರ್ ಅದನ್ನೂ ಹಿಂದಿಯಲ್ಲಿ ಹೇಳಿದರು. ಮೇಲ್ವಿಚಾರಕಿ ನಂಬಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದರು. ಹುಡುಗಿಯನ್ನು ಒಬ್ಬಳನ್ನೇ ಕಳಿಸಬೇಡಿ ಎಂದು ಸರ್‌ಗೆ ಹೇಳಿದರು.

ಶಹಾಪುರದ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಅಪ್ಪನಿಗೆ ಫೋನ್ ಹಚ್ಚಿದಳು. ಮೊದಲು ಗಂಟೆಯಾದರೂ ಬಾರಿಸುತ್ತಿತ್ತು. ಭೀಮಾ ನದಿಯ ಸೇತುವೆ ದಾಟಿದ ಮೇಲೆ ಸ್ವಿಚ್ ಆಫ್ ಆಗಿದೆ ಎಂದು ಹೇಳತೊಡಗಿತು. ಆ ಹೆಣ್ಣುದನಿ ಮೂರು ಭಾಷೆಗಳಲ್ಲಿ ಅದನ್ನೇ ಹೇಳುವುದನ್ನು ಅವಳು ಪೂರ್ತಿ ಕೇಳುತ್ತಿದ್ದಳು. ಸರ್ ಕಿಟಕಿಯ ಹೊರಗೆ ನೋಡುತ್ತ ತುಟಿಯಲ್ಲೇ ದುವಾ ಓದುತ್ತಿದ್ದರು.

ಶಹಾಪುರದಲ್ಲಿ ಗೋಗಿಯ ಗಾಡಿಗಳು ನಿಲ್ಲುವಲ್ಲಿ ಅಪ್ಪನ ಗಾಡಿ ಇರಲಿಲ್ಲ. ಸಾಲಿನ ಮುಂದಿದ್ದ ಗಾಡಿಯ ಲಾಡ್ಲೇಸಾಬನ ಹತ್ತಿರ ಓಡಿದಳು.

"ಕಾಕಾ, ನಮ್ಮಪ್ಪ?"

"ಗೋಗಿಗಿ ಹೋಗಿ ಭಾಳ ಹೊತ್ತಾತು. ಬರ್ಬೇಕಿತ್ತು ಇಷ್ಟೊತ್ತಿಗಿ," ಎಂದು ಲಾಡ್ಲೇಸಾಬ ಎಲೆ ಅಡಿಕೆ ಉಗುಳಿ ಬಂದ. "ಯಾಕವ್ವ, ಗೆದ್ದಿ ಏನು?"

ಅವಳು ರಸ್ತೆಯ ತಿರುವು ನೋಡುತ್ತ ನಿಂತಳು. ಬಂದ ಪ್ರತಿ ಹಳದಿ ಗಾಡಿಯೂ ಬೇರೆಯವರದಾಗಿತ್ತು. ಬಿಸಿಲು ಇಳಿದು ಅಂಗಡಿಗಳ ನೆರಳು ರಸ್ತೆಗೆ ಬಿದ್ದ ಹೊತ್ತಿಗೆ, ತಿರುವಿನಲ್ಲಿ ಹಾರ್ನ್ ಕೇಳಿಸಿತು. ತಾಯಪ್ಪ ಹೆಂಗಸರನ್ನೂ ಮೇವಿನ ಹೊರೆಯನ್ನೂ ತುಂಬಿಕೊಂಡು ಬರುತ್ತಿದ್ದ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಮೋನಮ್ಮ ಅವನ ರಟ್ಟೆ ಹಿಡಿದುಕೊಂಡಳು.

"ಏ, ಬಿಡು ಬಿಡು, ಬೀಳ್ತಿ! ಫೋನ್ ಚಾರ್ಜ್ ಮುಗದದ. ಏನಾತು? ಸೋತಿ ಏನು? ಸೋತ್ರ ಸೋತಿ, ಅದಕ್ಯಾಕ ಅಳ್ತಿ?"

ಪ್ರಯಾಣಿಕರು ಇಳಿದುಹೋದ ಮೇಲೆ ಅವಳೂ ಸರ್ ಕೂಡ ನಡೆದದ್ದನ್ನೆಲ್ಲ ಹೇಳಿದರು. ತಾಯಪ್ಪ ಕೊರಳಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದ. ನಡುವೆ ಒಮ್ಮೆ ಮಾತ್ರ, "ನಮ್ಮ ಭೀಮರಾಯನೇ?" ಎಂದ. ಎಲ್ಲ ಮುಗಿದ ಮೇಲೆ ಗಾಡಿಯ ಸುತ್ತ ಒಂದು ಸಲ ತಿರುಗಿ ಬಂದ. ಗಾಲಿಗಳನ್ನು ಕಾಲಿನಿಂದ ಒತ್ತಿ ನೋಡಿದ.

"ಹತ್ತು, ಮನಿಗಿ ಹೋಗಾಮು."

"ನಾಳೆ ಗಾಡಿ ತಗೀಬ್ಯಾಡಪ್ಪಾ."

"ತಗೀದೇ ಇದ್ರ ಹೆಂಗವ್ವ? ಮಂದಿ ದಾರಿ ಕಾಯ್ತಿರ್ತಾರ."

ಜಲಾಲುದ್ದೀನ್ ಸರ್ ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತರು. ಅವರ ಮನೆ ಇದ್ದದ್ದು ಶಹಾಪುರದಲ್ಲೇ. "ನೀವೆಲ್ಲಿಗ್ರಿ ಸರ?" ಎಂದು ತಾಯಪ್ಪ ಕೇಳಿದ.

"ಗೋಗಿತನಾ ಬರ್ತೀನಿ. ಹೊಡಿ."

ಹಿಂದೆ ಜಾಗವಿದ್ದರೂ ಮೋನಮ್ಮ ಮುಂದೆ, ಅಪ್ಪನ ಪಕ್ಕದಲ್ಲಿ, ಕಾಲುವೆಯ ಕಡೆಗೆ ಕುಳಿತಳು. ಊರು ದಾಟಿ ಗಾಡಿ ದಂಡೆಯ ಮಣ್ಣುರಸ್ತೆಗೆ ಇಳಿಯಿತು. ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ ಭತ್ತದ ಗದ್ದೆಗಳಲ್ಲಿ ಹೆಂಗಸರು ಕೆಲಸ ಮುಗಿಸಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ತಾಯಪ್ಪ ಒಂದು ಕೈ ಹ್ಯಾಂಡಲಿನಿಂದ ತೆಗೆದು, ಯಾವಾಗಲೂ ಪ್ರಯಾಣಿಕರ ಕಡೆಗೆ ತಿರುಗಿಸಿಟ್ಟಿರುತ್ತಿದ್ದ ಕನ್ನಡಿಯನ್ನು ಹಿಂದಿನ ರಸ್ತೆ ಕಾಣುವಂತೆ ಹೊರಳಿಸಿದ. ಅದರಲ್ಲಿ ಅವರದೇ ಗಾಡಿ ಎಬ್ಬಿಸಿದ ಕೆಂಪು ಧೂಳು ಇನ್ನೂ ನೆಲಕ್ಕಿಳಿಯದೆ ನಿಂತಿತ್ತು.