ಮಡಿಯೂ ಮದ್ದೂ

ಗೋಡೆಯ ಮೇಲೆ ಬರೆದ ಮದುಮಗಳು ತುಸು ಸರಿದು ಕೂತಳು. ಅವಳಿಗೆ ಜಾಗ ಬಿಡಬೇಕಲ್ಲ ಎಂದು ದ್ಯಾವಮ್ಮ ತಾನು ಎಳೆಯುತ್ತಿದ್ದ ಗೆರೆಯನ್ನು ಪಕ್ಕಕ್ಕೆ ಒಯ್ದಳು. ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ತನ್ನಷ್ಟಕ್ಕೇ ಇಳಿಯುತ್ತಿತ್ತು. ಕೆಮ್ಮಣ್ಣು ಬಳಿದ ಗೋಡೆ ಬೆಚ್ಚಗಿತ್ತು, ಮೆಲ್ಲಗೆ ಉಸಿರಾಡುತ್ತಿತ್ತು. ಇಂಥ ಸುಖದ ಮಧ್ಯಾಹ್ನ ತನ್ನ ಬಾಳಿನಲ್ಲೇ ಬಂದಿರಲಿಲ್ಲ ಎನಿಸಿತು ಅವಳಿಗೆ.

ಮಗಳ ಮದುವೆಗೆ, ಮದುಮಕ್ಕಳನ್ನು ಕೂರಿಸುವ ಹಸೆಗೋಡೆಯ ಚಿತ್ತಾರವನ್ನು ತಾನೇ ಬರೆಯಬೇಕೆಂಬುದು ಅವಳ ಹಟ. ನಿಲ್ಕುಂದದ ಅರ್ಧ ಮದುವೆಗಳಿಗೆ ಬರೆದ ಕೈ ಅದು. ಸ್ವಂತ ಮಗಳಿಗೆ ಬರೆಯದಿದ್ದರೆ ಹೇಗೆ? ಆದರೆ ಎರಡು ವರ್ಷದಿಂದ ಲಿವರ್ ಕೈಕೊಟ್ಟಿತ್ತು. ಹನಿ ಮುಟ್ಟದ ಹೆಂಗಸಿನ ಲಿವರ್ ಕಲ್ಲಾಯಿತು, ಹಬ್ಬ ಬಂದರೆ ಬಾಟಲಿ ಬಿಡದ ಗಂಡ ಕೆರಿಯನದ್ದು ಮಾತ್ರ ಗಟ್ಟಿಮುಟ್ಟು. ದೇವರ ಲೆಕ್ಕ ದೇವರಿಗೇ ಗೊತ್ತು.

ಶಿರಸಿಯ ಡಾಕ್ಟರು ಬೆಲ್ಲದ ಪಾಕದಂಥ ಒಂದು ಮದ್ದು ಕೊಟ್ಟಿದ್ದರು. "ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಡಿಲಾಗಿ ಹೊರಗೆ ಹೋಗಬೇಕು, ದ್ಯಾವಮ್ಮ. ಕಡಿಮೆ ಆದ್ರೆ ಮದ್ದು ಜಾಸ್ತಿ ಮಾಡಿ, ನೀರಾಗಿ ಹೋದ್ರೆ ಇಳಿಸಿ. ಬಿಡೋದು ಮಾತ್ರ ಬೇಡ. ಹೊಟ್ಟೇಲಿ ಉಳಿದ ವಿಷ ತಲೆಗೆ ಏರ್ತದೆ," ಎಂದಿದ್ದರು.

ಅದಕ್ಕೆ ಅಡ್ಡ ನಿಂತವಳು ಸತ್ತುಹೋದ ಅತ್ತೆ ಸುಬ್ಬಿ. ಹಸೆಗೋಡೆ ಬರೆಯುವವಳು ಹೊರಗೆ ಹೋಗಿ ಬಂದರೆ ತಲೆಗೆ ನೀರು ಹೊಯ್ದುಕೊಂಡೇ ಗೋಡೆ ಮುಟ್ಟಬೇಕು ಎಂದು ಆಕೆ ಕಲಿಸಿದ್ದಳು. ಮೂರು ಸಲ ಹೋದರೆ ಮೂರು ಸ್ನಾನ. ಮನೆ ತುಂಬ ನೆಂಟರು, ಬಚ್ಚಲು ಒಂದೇ. 'ಚಿತ್ತಾರ ಮುಗೀಲಿ' ಎಂದುಕೊಂಡು ದ್ಯಾವಮ್ಮ ಮೊದಲು ಮದ್ದನ್ನು ಅರ್ಧಕ್ಕಿಳಿಸಿದಳು. ಆಮೇಲೆ ಬಾಟಲಿಯನ್ನೇ ಅಕ್ಕಿ ಡಬ್ಬದ ಹಿಂದೆ ಸರಿಸಿದಳು. ಯಾರಿಗೂ ಹೇಳಲಿಲ್ಲ.

"ಅವ್ವಾ, ಇದೆಂತ ಬರ್ದಿದೀಯೆ?"

ಹಿಂದೆ ಒಬ್ಬ ಹುಡುಗಿ ನಿಂತಿದ್ದಳು. ಕೈಯಲ್ಲಿ ಮದರಂಗಿ. ಗೋಡೆಯ ಮೇಲೆ ನೇರ ಇರಬೇಕಾದ ಎಳೆಗಳು ದಾರಿ ತಪ್ಪಿದ ದನಗಳ ಹಾಗೆ ಒಂದರೊಳಗೊಂದು ನುಗ್ಗಿದ್ದವು.

"ಅವಳಿಗೆ ಕೂರಕ್ಕೆ ಜಾಗ ಬೇಕಲ್ಲೇ," ಎಂದಳು ದ್ಯಾವಮ್ಮ.

"ಡಾಕ್ಟ್ರು ಹೇಳಿದ್ರಲ್ಲ, ಕೈ ಮುಂದೆ ಚಾಚು ನೋಡನ." ಚಾಚಿದ ಅಂಗೈಗಳು ಹಕ್ಕಿಯ ರೆಕ್ಕೆಯ ಹಾಗೆ ಪಟಪಟ ಬಡಿದುಕೊಂಡವು. ದ್ಯಾವಮ್ಮನಿಗೆ ನಗು ಬಂತು. ಹುಡುಗಿ ನಗಲಿಲ್ಲ. "ಮದ್ದು ತಗಂಡ್ಯಾ? ಅವ್ವಾ, ನಾನು ಯಾರು ಹೇಳು."

ಚೆಂದದ ಹುಡುಗಿ. ಎಲ್ಲೋ ನೋಡಿದ ಮುಖ. "ಯಾರ ಮನೆ ಮಗಳು ನೀನು? ನಿಂಗೂ ಮದ್ವೆಯಾ?" ಎಂದು ದ್ಯಾವಮ್ಮ ಅಕ್ಕರೆಯಿಂದ ಕೇಳಿದಳು. ಹುಡುಗಿಯ ಮುಖ ಮುದುಡಿತು. ಪಾಪ, ಯಾಕೆ ಅಳುತ್ತಾಳೋ ಎಂದು ದ್ಯಾವಮ್ಮನಿಗೆ ಬಹಳ ಕನಿಕರವಾಯಿತು.

ಆಮೇಲೆ ಕಾರು, ಹಿಂದಕ್ಕೆ ಓಡುವ ಮರಗಳು, ಮಗ್ಗುಲಿನಲ್ಲಿ ಕೆರಿಯನ ಬೀಡಿ ವಾಸನೆ, ಎಲ್ಲ ನೀರಿನಡಿಯಲ್ಲಿ ಕಂಡ ಹಾಗೆ. ಮಬ್ಬು ಹರಿದಾಗ ಶಿರಸಿಯ ಆಸ್ಪತ್ರೆಯ ಮಂಚ. ನೆಲದ ಮೇಲೆ ಚಾಪೆ ಹಾಸಿ ಅನುಶ್ರೀ ಮಲಗಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು! ಅವಳನ್ನೇ ಯಾರ ಮನೆಯವಳೆಂದು ಕೇಳಿದ್ದು ದ್ಯಾವಮ್ಮನಿಗೆ ನೆನಪಾಯಿತು. ಧಾರೆಯ ಹೊತ್ತಿಗೂ ಗುರುತು ಸಿಕ್ಕದೆ ಹೋಗಿದ್ದರೆ?

"ಮಡಿ ಮಡಿ ಅಂತ ಮಗಳನ್ನೇ ಮರ್ತು ಕೂತ್ಯಲ್ಲೇ ಮಾರಾಯ್ತಿ," ಎಂದು, ಮದ್ದು ಬಿಟ್ಟದ್ದನ್ನು ಅವಳು ಬಾಯಿಬಿಟ್ಟ ಮೇಲೆ ಕೆರಿಯ ಬೈದ. ಬೈಯುತ್ತಲೇ ಕಣ್ಣೊರೆಸಿಕೊಂಡ.

ಮದುವೆಗೆ ಮುಂಚೆ ಮನೆಗೆ ಬಿಟ್ಟರು. ಕೆಟ್ಟ ಎಳೆಗಳ ಮೇಲೆ ನಾದಿನಿ ಮತ್ತೆ ಕೆಮ್ಮಣ್ಣು ಬಳಿದಿದ್ದಳು. ದ್ಯಾವಮ್ಮ ಮದ್ದು ಕುಡಿದಳು, ಹಿತ್ತಲಿಗೆ ಹೋಗಿ ಬಂದಳು, ಸೋಪು ಹಾಕಿ ಕೈ ತೊಳೆದಳು, ಕುಂಚ ಹಿಡಿದಳು. ಅತ್ತೆ ಮೇಲಿಂದ ಏನಂದಳೋ ಕೇಳಿಸಲಿಲ್ಲ.

ಮದುವೆಯ ದಿನ ಮದುಮಕ್ಕಳಿಬ್ಬರನ್ನೂ ಹಸೆಗೋಡೆಯ ಮುಂದೆ ಕೂರಿಸಿದರು. ಅಕ್ಷತೆ ಹಾಕಬೇಕಾದ ತಾಯಿಯ ಹೊಟ್ಟೆ ಸರಿಯಾಗಿ ಆಗಲೇ ಗುಡುಗಿತು. ನಗುವವರ ಮುಂದೆ ಎಡವಿ ಬಿದ್ದ ಹಾಗೆ! ಗಂಡಿನ ಕಡೆಯವರೆಲ್ಲ ಎದುರಿಗೇ. ದ್ಯಾವಮ್ಮ ಹಲ್ಲು ಕಚ್ಚಿ ನಿಂತಳು, ಹಣೆಯಲ್ಲಿ ಬೆವರಿಳಿಯಿತು.

ಅನುಶ್ರೀ ಬಾಸಿಂಗದ ಸಂದಿಯಿಂದ ನೋಡಿದಳು. "ಅವ್ವಾ, ಹೋಗಿ ಬಾ."

"ಹೊತ್ತು ಮೀರ್ತದೆ ಮಗಾ..."

"ಮೀರ್ಲಿ. ನೀನು ಬರೋವರೆಗೂ ನಾನು ಏಳದಿಲ್ಲ." ಮದುಮಗಳು ಹಾಡುವ ಹೆಂಗಸರ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ಅವ್ವ ಹೊರಗೆ ಹೋಗಿ ಬತ್ತಾಳೆ. ಅಲ್ಲಿವರೆಗೂ ಹಾಡಿ."

ಯಾರೋ ಕಿಸಕ್ಕೆಂದರು. ಗಂಡಿನ ತಾಯಿ ಎದ್ದು, ಜನರನ್ನು ಅತ್ತಿತ್ತ ಸರಿಸಿ ದಾರಿ ಮಾಡಿಕೊಟ್ಟಳು.

ಹಿತ್ತಲಿನ ಪಾಯಖಾನೆಯ ತಗಡಿನ ಬಾಗಿಲು ಹಾಕಿಕೊಂಡು ದ್ಯಾವಮ್ಮ ಕೂತಳು. ಹಾಡು ಅಲ್ಲಿಗೂ ಬರುತ್ತಿತ್ತು. ಮುಗಿಯಬೇಕಾದಲ್ಲಿ ಮುಗಿಯದೆ ಹೆಂಗಸರು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಹಾಡಿನಲ್ಲಿ ಮದುಮಗಳ ಹೆಸರು ಬಂತು. ಅನುಶ್ರೀ ಎಂದು ದ್ಯಾವಮ್ಮನೂ ಕೂತಲ್ಲಿಂದಲೇ ದನಿಗೂಡಿಸಿದಳು.